ಹನ್ನೊಂದೂವರೆ ಅಂದರೆ ಎಷ್ಟು ಕಿಲೋ?

ಕಳೆದ ವಾರ ನನ್ನ ಅಣ್ಣನ ಮಗ ಹೊಸ ಕಾರು ಓಡಿಸಿಕೊಂಡು ಸೋಲಾಪುರದಿಂದ ಅಕ್ಕಲಕೋಟಕ್ಕೆ ಬಂದ. ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುವ ಉತ್ಸಾಹ. ದಾರಿಯಲ್ಲಿ ಟೈರಿಗೆ ಹವಾ ಹಾಕಿಸಲು ನಿಂತೆವು. ಹುಡುಗ ಬಾಗಿಲು ತೆಗೆದು, ಅಂಚಿನಲ್ಲಿ ಅಂಟಿಸಿದ ಚೀಟಿ ಓದಿ, ಬಹಳ ಗಂಭೀರವಾಗಿ ಹವಾದವನಿಗೆ ಇನ್ನೂರ ಮೂವತ್ತು ಹಾಕು ಎಂದ. ಹವಾದವನು ಪೈಪು ಕೆಳಗಿಟ್ಟ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಆಮೇಲೆ ಮೆಲ್ಲಗೆ ಕೇಳಿದ:

"ಗಾಡಿ ಓಡಸ್ತೀರೋ, ಹಾರಸ್ತೀರೋ?"

ಚೀಟಿಯಲ್ಲಿದ್ದ ಇನ್ನೂರ ಮೂವತ್ತು ಕಿಲೋಪಾಸ್ಕಲ್ ಲೆಕ್ಕ. ಹವಾದವನ ಯಂತ್ರದ್ದು ಪೌಂಡಿನ ಲೆಕ್ಕ. ಅವನ ಯಂತ್ರದಲ್ಲಿ ಅದು ಬರೀ ಮೂವತ್ಮೂರು. ನಮ್ಮ ಹುಡುಗ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ, ಫಸ್ಟ್ ಕ್ಲಾಸ್. ಮುಂದಿನ ಸೋಮವಾರ ಸೋಲಾಪುರದ ಬಳಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟ್ರೇನಿಯಾಗಿ ಸೇರುತ್ತಾನೆ. ಇವನಂಥವರು ಪ್ರತಿ ವರ್ಷ ರಾಶಿ ರಾಶಿಯಾಗಿ ಸೇರುತ್ತಾರೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಫಾರ್ವರ್ಡ್ ಮಾಡುವವರು ದಯವಿಟ್ಟು ಮೊದಲು ಓದಿ, ಆಮೇಲೆ ಮಾಡಿ.

ನನ್ನ ಪರಿಚಯ ಇಷ್ಟೇ. ಐಟಿಐ ಮುಗಿಸಿ, ಚಿಂಚೋಳಿಯಲ್ಲಿ ಟವೆಲ್‌ಗೆ ಬಣ್ಣ ಹಾಕುವ ಒಂದು ಪ್ರೊಸೆಸ್ ಹೌಸಿನಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿ ಸೇರಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು, ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದವಳು. ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ, ಅದಕ್ಕೊಂದು ಸಾಲೂ ಬೇಕಾಗುವುದಿಲ್ಲ. ನನ್ನ ಕೆಲಸ ಪ್ರೆಶರ್ ಗೇಜುಗಳದ್ದು. ಪೈಪಿನ ಮೇಲೆ, ಬಾಯ್ಲರಿನ ಮೇಲೆ, ಯಂತ್ರದ ಮೇಲೆ ಗುಂಡಗೆ ಗಾಜಿನ ಮುಖ ಹೊತ್ತು ಕೂತಿರುತ್ತವಲ್ಲ, ಅವು. ಒಳಗಿನ ಉಗಿ ಎಷ್ಟು ಜೋರಾಗಿ ಒತ್ತುತ್ತಿದೆ ಎಂದು ಅದರ ಮುಳ್ಳು ಹೇಳುತ್ತದೆ. ಆ ಮುಳ್ಳು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ನನಗೆ ಸಂಬಳ.

ಮದುವೆಯ ಹೊಸತರಲ್ಲಿ ನನ್ನ ಅತ್ತೆ ಬಂದವರಿಗೆಲ್ಲ ಸೊಸೆ ಪೈಪುಗಳ ಬಿಪಿ ನೋಡುತ್ತಾಳೆ ಎಂದು ಹೇಳುತ್ತಿದ್ದರು. ಅದಕ್ಕಿಂತ ಒಳ್ಳೆಯ ವಿವರಣೆ ಇವತ್ತಿಗೂ ನನಗೆ ಸಿಕ್ಕಿಲ್ಲ.

ಈ ಕೆಲಸದಲ್ಲಿ ಮೊದಲು ಗೊತ್ತಾಗುವುದೇನೆಂದರೆ, ಉಗಿ ಒಂದೇ, ಅದರ ಹೆಸರು ಮಾತ್ರ ಹತ್ತಾರು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹಳೆಯ ಗಿರಣಿಯಿಂದ ಬಂದವರು, ಅವರಿಗೆ ಎಲ್ಲವೂ ಪೌಂಡು. ಬಾಯ್ಲರಿನವರಿಗೆ ಎಲ್ಲವೂ ಕಿಲೋ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಭಾರ. ಪುಣೆಯಿಂದ ಬರುವ ಇಂಜಿನಿಯರುಗಳಿಗೆ ಬಾರ್. ಹಡಗಿನಲ್ಲಿ ಬಂದ ಯಂತ್ರಗಳಿಗೆ ಮೆಗಾಪಾಸ್ಕಲ್. ಚಿಮಣಿಯ ಎಳೆತಕ್ಕೆ ನೀರಿನ ಮಿಲಿಮೀಟರು, ಡಾಕ್ಟರಿಗೆ ಪಾದರಸದ ಮಿಲಿಮೀಟರು. ನಮ್ಮ ಕಾರ್ಖಾನೆಯ ಉಗಿ ಬಾಯ್ಲರಿನಿಂದ ಹೊರಡುವಾಗ ಏಳು ಕಿಲೋ ಇರುತ್ತಿತ್ತು. ಅದನ್ನೇ ಮೇಸ್ತ್ರಿ ನೂರು ಪೌಂಡು ಎನ್ನುತ್ತಿದ್ದರು. ಪುಣೆಯವರು ಏಳು ಬಾರ್‌ಗಿಂತ ಸ್ವಲ್ಪ ಕಡಿಮೆ ಎನ್ನುತ್ತಿದ್ದರು. ಮೆಗಾಪಾಸ್ಕಲ್‌ನವರು ಹತ್ತರಿಂದ ಭಾಗಿಸಿ ಸೊನ್ನೆ ಪಾಯಿಂಟ್ ಏಳು ಎಂದು ಮುಗಿಸುತ್ತಿದ್ದರು. ಯಾರೂ ತಪ್ಪಲ್ಲ. ಆದರೆ ಪ್ರತಿಯೊಬ್ಬರಿಗೂ ಉಳಿದವರೆಲ್ಲ ತಪ್ಪು ಎಂಬ ಖಾತ್ರಿ ಇರುತ್ತಿತ್ತು.

ನಮ್ಮ ಬಾಯ್ಲರಿನ ತಗಡಿನ ಮೇಲೆ ಗರಿಷ್ಠ ಒತ್ತಡ ಹತ್ತು ಪಾಯಿಂಟ್ ಐದು ನಾಲ್ಕು ಕಿಲೋ ಎಂದು ಕೊರೆದಿತ್ತು. ಹತ್ತಲ್ಲ, ಹತ್ತೂವರೆಯೂ ಅಲ್ಲ. ಆ ಪಾಯಿಂಟ್ ಐದು ನಾಲ್ಕು ಎಲ್ಲಿಂದ ಬಂತು ಎಂದು ಸೇರಿದ ಹೊಸದರಲ್ಲಿ ನಾನು ಕೇಳಿದ್ದೆ. ನಮ್ಮ ಮ್ಯಾನೇಜರ್ ದೇಶಮುಖ ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಅದು ವಿಜ್ಞಾನಿಗಳು ಲೋಹವನ್ನು ಅಭ್ಯಾಸ ಮಾಡಿ ತೆಗೆದ ಸೂಕ್ಷ್ಮ ಲೆಕ್ಕ, ನಿನಗೆ ತಿಳಿಯುವುದಿಲ್ಲ ಎಂದರು. ಅದು ವಿಜ್ಞಾನವೂ ಅಲ್ಲ, ಸೂಕ್ಷ್ಮವೂ ಅಲ್ಲ. ಹಿಂದೆ ಯಾರೋ ನೂರೈವತ್ತು ಪೌಂಡು ಎಂದು ದುಂಡಗೆ ಬರೆದಿಟ್ಟಿದ್ದರು, ಕಿಲೋ ಬಂದಾಗ ಇನ್ನೊಬ್ಬರು ಭಾಗಾಕಾರ ಮಾಡಿ ಬಂದದ್ದನ್ನು ಹಾಗೇ ಕೊರೆದರು. ಸಾಹೇಬರ ಜ್ಞಾನದ ಆಳ ನನಗೆ ಅವತ್ತೇ ಗೊತ್ತಾಯಿತು. ಅಳೆಯಲು ಗೇಜು ಬೇಕಾಗಲಿಲ್ಲ.

ಈಗ ಮಾಳಪ್ಪ ಮಾಮಾನ ವಿಷಯಕ್ಕೆ ಬರುತ್ತೇನೆ. ಬಾಯ್ಲರ್ ನಡೆಸುತ್ತಿದ್ದವರು ಅವರು. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕುರಿ ಸಾಕುವ ಮನೆತನ, ಬೀರೋಬಾ ದೇವರ ಒಕ್ಕಲು. ಕುರಿಯ ಹಿಂದೆ ತಿರುಗುವುದು ಬೇಡವೆಂದು ಓಡಿಬಂದು, ಬಾಯ್ಲರ್ ಮುಂದೆ ನಿಂತು, ಪರೀಕ್ಷೆ ಕೊಟ್ಟು, ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಪಡೆದವರು. ತಮ್ಮನ ಹತ್ತಿರ ಇನ್ನೂ ದೊಡ್ಡ ಹಿಂಡಿತ್ತು. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ತಮ್ಮ, ನೌಕರಿ ಬಿಟ್ಟು ಬಾ, ಹಿಂಡಿನ ಹಿಂದೆ ಒಬ್ಬ ಆಳು ಬೇಕು ಎಂದು ಕಿಚಾಯಿಸುತ್ತಿದ್ದನಂತೆ. ಮಾಮಾನಿಗೆ ಆ ಮಾತು ಎದೆಯಲ್ಲಿ ಮುಳ್ಳು. ಹುಲಿಗೆ ಹೆದರದ ಮನುಷ್ಯ ತಮ್ಮನ ಕುರಿಗೆ ಹೆದರುತ್ತಿದ್ದರು.

ಅವರು ಗೇಜಿನ ಅಂಕಿ ಓದುತ್ತಿರಲಿಲ್ಲ. ಓದಲು ಬರುತ್ತಿರಲಿಲ್ಲ ಎಂದಲ್ಲ, ಬೇಕಾಗುತ್ತಿರಲಿಲ್ಲ. ಗೇಜಿನ ಮುಖ ಗಡಿಯಾರದಂತೆಯೇ ಇರುತ್ತದಲ್ಲವೇ? ನಮ್ಮ ಬಾಯ್ಲರ್ ಮನೆಯಲ್ಲಿ ಅದನ್ನು ಗಡಿಯಾರದಂತೆಯೇ ಓದುವ ಪದ್ಧತಿ, ಮಾಮಾನಿಗಿಂತ ಹಿಂದಿನವರಿಂದ ನಡೆದುಬಂದದ್ದು. ಮುಳ್ಳು ಗಡಿಯಾರದ ಹನ್ನೊಂದೂವರೆಯ ಜಾಗದಲ್ಲಿ ನಿಂತರೆ ಏಳು ಕಿಲೋ. ಮರಾಠಿಯಲ್ಲಿ ಸಾಡೇ ಅಕರಾ, ಮುಳ್ಳಿಗೆ ಕಾಟಾ. ಬಣ್ಣದ ಖಾತೆಯಿಂದ ಫೋನ್ ಮಾಡಿ ಪ್ರೆಶರ್ ಎಷ್ಟಿದೆ ಎಂದು ಕೇಳಿದರೆ ಮಾಮಾ ಸಾಡೇ ಅಕರಾ ಎನ್ನುವರು, ಆ ಕಡೆಯವರು ಸರಿ ಎಂದು ಫೋನ್ ಇಡುವರು. ಮುಳ್ಳು ಹನ್ನೊಂದಕ್ಕೆ ಇಳಿದರೆ ಇಂಧನ ತುಂಬುವುದು, ಹನ್ನೆರಡಕ್ಕೆ ಏರಿದರೆ ಗಾಳಿ ಕಡಿಮೆ ಮಾಡುವುದು. ಕಾಗದದಲ್ಲಿ ತಾಸಿಗೊಮ್ಮೆ ಏಳು ಎಂದು ಬರೆಯಬೇಕಿತ್ತು. ಪಾಳಿ ಶುರುವಾದ ಕೂಡಲೇ ಎಲ್ಲ ಏಳುಗಳನ್ನೂ ಬರೆದು ಮುಗಿಸುತ್ತಿದ್ದರು. ಇದನ್ನು ನೋಡಿ ನಗುವವರು ನಗಿ. ಅಷ್ಟೂ ವರ್ಷ ಆ ಬಾಯ್ಲರ್ ಒಂದು ದಿನವೂ ಕೈಕೊಡಲಿಲ್ಲ.

ಒಮ್ಮೆ ನನ್ನ ಬಿಪಿ ನೂರನಲವತ್ತು ಆಗಿದೆ, ಗುಳಿಗೆ ಕೊಟ್ಟಿದ್ದಾರೆ ಎಂದು ಮಾಮಾನ ಮುಂದೆ ಅಲವತ್ತುಕೊಂಡೆ. ಅದು ನಮ್ಮ ಲೆಕ್ಕದಲ್ಲಿ ಎಷ್ಟು ಕಿಲೋ ಎಂದು ಕೇಳಿದರು. ಲೆಕ್ಕ ಮಾಡಿ ಹೇಳಿದೆ, ಕಿಲೋದ ಐದನೇ ಒಂದು ಭಾಗವೂ ಇಲ್ಲ. ಮಾಮಾ ಬಾಯ್ಲರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಇದು ದಿನಾ ಏಳು ಕಿಲೋ ತಡಕೊಂಡ ನಿಂತದ ಯವ್ವಾ, ಒಂದ ಗುಳಗಿ ಕೇಳಿಲ್ಲ."

ಹೀಗೆ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ದೇಶಮುಖ ಸಾಹೇಬರು ಪುಣೆಯಲ್ಲಿ ಎರಡು ದಿನದ ಟ್ರೇನಿಂಗ್‌ಗೆ ಹೋದರು.

ಟ್ರೇನಿಂಗ್‌ಗೆ ಹೋದ ಮ್ಯಾನೇಜರು ಬರಿಗೈಯಲ್ಲಿ ಬರುವುದಿಲ್ಲ, ಒಂದು ಹೊಸ ಶಬ್ದ ಹಿಡಿದುಕೊಂಡು ಬರುತ್ತಾನೆ. ನಮ್ಮವರು ಎರಡು ತಂದರು. ಒಂದು, ಅಂತರರಾಷ್ಟ್ರೀಯ ಮಾನ. ಜಗತ್ತೆಲ್ಲ ಪಾಸ್ಕಲ್ ಎನ್ನುತ್ತಿರುವಾಗ ನಾವು ಕಿಲೋ ಎನ್ನುವುದು ನಾಚಿಕೆಗೇಡು, ಕಿಲೋದಲ್ಲಿ ತೂಗಲು ಇದೇನು ಬೆಲ್ಲವೇ ಎಂದು ಭಾಷಣ ಮಾಡಿದರು. ಇನ್ನೊಂದು, ಕಣ್ಣಿಗೆ ಕಾಣುವ ನಿರ್ವಹಣೆ. ಅಂದರೆ, ಕೆಲಸಗಾರ ತಲೆ ಓಡಿಸದೆ ಒಂದೇ ನೋಟಕ್ಕೆ ಸರಿ ತಪ್ಪು ತಿಳಿಯುವಂತೆ ಎಲ್ಲೆಡೆ ಬಣ್ಣದ ಸ್ಟಿಕರ್ ಅಂಟಿಸುವುದು.

ಎರಡನ್ನೂ ಒಟ್ಟಿಗೆ ಜಾರಿಗೆ ತಂದರು. ನಾನು ಆ ತಿಂಗಳು ಅಕ್ಕಲಕೋಟ ರಸ್ತೆಯಲ್ಲಿರುವ ಕಂಪನಿಯ ಇನ್ನೊಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಚಿಂಚೋಳಿಯಲ್ಲಿ ಗುತ್ತಿಗೆದಾರನ ಕೈಯಿಂದ ಹಳೆಯ ಗೇಜು ಬಿಚ್ಚಿಸಿ ಹೊಸದನ್ನು ಕೂರಿಸಿದರು. ಹಳೆಯದರಲ್ಲಿ ಸೊನ್ನೆಯಿಂದ ಹದಿನಾರು ಕಿಲೋವರೆಗೆ ಅಂಕಿಯಿತ್ತು. ಹೊಸದರಲ್ಲಿ ಸೊನ್ನೆಯಿಂದ ಒಂದು ಮೆಗಾಪಾಸ್ಕಲ್, ಅಂದರೆ ಸುಮಾರು ಹತ್ತು ಕಿಲೋ. ಮುಖದ ಆಕಾರ ಅದೇ, ಅಂಕಿ ಬೇರೆ.

ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಬಾಯ್ಲರ್ ಪೂಜೆ. ನನ್ನನ್ನೂ ಕರೆದಿದ್ದರು. ಬಾಯ್ಲರಿಗೆ ಚೆಂಡುಹೂವಿನ ಮಾಲೆ, ಕುಂಕುಮ. ಸಾಹೇಬರು ಹೊಸ ಶರ್ಟ್ ಹಾಕಿಕೊಂಡು ಏಣಿ ಹತ್ತಿ, ಹೊಸ ಗೇಜಿನ ಗಾಜಿನ ಮೇಲೆ ಸ್ವಂತ ಕೈಯಿಂದ ಒಂದು ಹಸಿರು ಸ್ಟಿಕರ್ ಅಂಟಿಸಿದರು. ಎಲ್ಲಿ? ಹನ್ನೊಂದೂವರೆಯ ಜಾಗದಲ್ಲಿ. ಅಲ್ಲಿ ತಾನೇ ಮುಳ್ಳು ನಿಲ್ಲುತ್ತಿದ್ದದ್ದು? ಜಗತ್ತಿನ ಮಾನ ತಂದ ಸಾಹೇಬರ ಕಣ್ಣೂ ಒಳಗಿಂದೊಳಗೆ ಮಾಳಪ್ಪ ಮಾಮಾನ ಗಡಿಯಾರವನ್ನೇ ಓದುತ್ತಿತ್ತು. ಅಗಲವಾದ ಸ್ಟಿಕರ್ ಅದು, ಅಡಿಯ ಅಂಕಿಯನ್ನು ಪೂರ್ತಿ ಮುಚ್ಚಿತು. ತೆಂಗಿನಕಾಯಿ ಒಡೆದರು, ಚಪ್ಪಾಳೆ ಹೊಡೆದೆವು, ನಾನು ಗುಂಪಿನ ಹಿಂದೆ ನಿಂತು ನನ್ನ ಪಾಲಿನ ಕಾಯಿ ತಿಂದು ಬಸ್ಸು ಹಿಡಿದೆ.

ಅವತ್ತಿನಿಂದ ಮಾಳಪ್ಪ ಮಾಮಾ ಮುಳ್ಳನ್ನು ಹಸಿರಿನ ಮೇಲೆ ನಿಲ್ಲಿಸಿದರು. ಹೇಳಿದ್ದನ್ನು ಅಷ್ಟು ನಿಷ್ಠೆಯಿಂದ ಮಾಡಿದ ಇನ್ನೊಬ್ಬ ನೌಕರ ಆ ಕಾರ್ಖಾನೆಯಲ್ಲಿರಲಿಲ್ಲ. ಆದರೆ ಹೊಸ ಗೇಜಿನಲ್ಲಿ ಆ ಜಾಗ ಏಳು ಕಿಲೋ ಅಲ್ಲ, ನಾಲ್ಕೂವರೆ. ಉಗಿ ಸೊರಗಿತು. ಟವೆಲ್ ಒಣಗಿಸುವ ಯಂತ್ರ ಬೇಕಾದಷ್ಟು ಕಾಯಲಿಲ್ಲ. ಅಲ್ಲಿಯವರು ಯಂತ್ರದ ಓಟ ನಿಧಾನ ಮಾಡುತ್ತೇವೆ ಎಂದರೆ ಸಾಹೇಬರು ಬಿಡಲಿಲ್ಲ, ಬಾಯ್ಲರಿನಲ್ಲಿ ಮುಳ್ಳು ಹಸಿರಿನಲ್ಲಿದೆ, ನಿಮ್ಮದೇ ನಾಟಕ ಎಂದು ಗದರಿದರು. ಒದ್ದೆ ಉಳಿದ ಟವೆಲ್‌ಗಳನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದರು. ದೀಪಾವಳಿ ಮುಗಿದ ಮೇಲೆ ಸರಕು ವಾಪಸ್ ಬಂತು. ಚೀಲ ಬಿಚ್ಚಿದರೆ ಮಳೆಗಾಲದ ಗೋಣಿಯ ವಾಸನೆ. ಜನರ ಮೈ ಒರೆಸಬೇಕಾದ ಟವೆಲ್, ಮೊದಲು ಅದನ್ನೇ ಯಾರಾದರೂ ಒರೆಸಬೇಕಿತ್ತು.

ಸಾಹೇಬರು ಒಂದೇ ಮಧ್ಯಾಹ್ನದಲ್ಲಿ ಅಪರಾಧಿಯನ್ನು ಹಿಡಿದರು. ಬಾಯ್ಲರಿನವನು ಪಾಳಿಯಲ್ಲಿ ಮಲಗುತ್ತಾನೆ, ಉಗಿ ಇಳಿಯುತ್ತದೆ, ಮಾಳಪ್ಪನನ್ನು ಕೆಲಸದಿಂದ ತೆಗೆಯಬೇಕು, ಸರ್ಟಿಫಿಕೇಟಿನ ಮೇಲೂ ದೂರು ಹಾಕಬೇಕು. ದೂರು ಬಿದ್ದರೆ ಮಾಮಾ ಮತ್ತೆ ಯಾವ ಬಾಯ್ಲರ್ ಮುಂದೆಯೂ ನಿಲ್ಲುವಂತಿರಲಿಲ್ಲ. ಉಳಿಯುವುದು ತಮ್ಮನ ಕುರಿ.

ನನ್ನನ್ನು ಚಿಂಚೋಳಿಗೆ ಕರೆಸಿದ್ದು ಆಗ. ಬೆಳಿಗ್ಗೆ ಉಗಿಯ ಪೈಪಿಗೆ ನನ್ನ ಪರೀಕ್ಷೆಯ ಗೇಜು ಹಾಕಿ ನೋಡಿದೆ. ಅದು ಹಳೆಯ ಮೇಸ್ತ್ರಿ ಬಿಟ್ಟುಹೋದದ್ದು, ಪೌಂಡಿನದು. ಅರವತ್ನಾಲ್ಕು. ಒಣಗಿಸುವ ಯಂತ್ರದ ಕಂಪನಿಯಿಂದ ಒಬ್ಬ ಇಂಜಿನಿಯರನೂ ಬಂದಿದ್ದ, ಅವನ ಗೇಜು ನಾಲ್ಕು ಪಾಯಿಂಟ್ ನಾಲ್ಕು ಬಾರ್ ತೋರಿಸಿತು. ಸಾಹೇಬರು ಬಾಯ್ಲರಿನ ಗೇಜಿಗೆ ಕಣ್ಣು ಹಚ್ಚಿ, ಸ್ಟಿಕರಿನ ಅಕ್ಕಪಕ್ಕದ ಗೆರೆ ಎಣಿಸಿ ಸೊನ್ನೆ ಪಾಯಿಂಟ್ ನಾಲ್ಕು ನಾಲ್ಕು ಎಂದು ಗುರುತು ಹಾಕಿಕೊಂಡರು. ಮೂರೂ ಅಂಕಿಗಳನ್ನು ಹಿಡಿದುಕೊಂಡು ಸಾಹೇಬರ ಎಸಿ ಕೋಣೆಯಲ್ಲಿ ಸೇರಿದೆವು. ಮಾಲೀಕರು ನವಿ ಪೇಠದ ತಮ್ಮ ಬಟ್ಟೆ ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುವುದು ರೂಢಿ. ಮಾಮಾ ಬಾಗಿಲ ಬಳಿ ನಿಂತಿದ್ದರು.

ಆಮೇಲೆ ನಡೆದದ್ದನ್ನು ನೀವು ಕಣ್ಣಾರೆ ನೋಡಬೇಕಿತ್ತು. ಇಂಜಿನಿಯರ್ ತನ್ನ ನಾಲ್ಕು ಪಾಯಿಂಟ್ ನಾಲ್ಕನ್ನು ಮೇಜಿನ ಮೇಲೆ ಕುಟ್ಟಿ, ನನ್ನ ಯಂತ್ರಕ್ಕೆ ಆರು ಬೇಕು, ಇಷ್ಟರಲ್ಲಿ ಹೇಗೆ ಒಣಗುತ್ತದೆ ಎಂದ. ಸಾಹೇಬರು, ನಾಲ್ಕು ಪಾಯಿಂಟ್ ನಾಲ್ಕೇನು, ಇವನು ಅರ್ಧದಷ್ಟೂ ಕೊಡುತ್ತಿಲ್ಲ, ಸೊನ್ನೆ ಪಾಯಿಂಟ್ ನಾಲ್ಕು ನಾಲ್ಕು ಎಂದರು. ನಾನು ಅರವತ್ನಾಲ್ಕು ಪೌಂಡು ಎಂದೆ. ಇದ್ದಕ್ಕಿದ್ದಂತೆ ಸಾಹೇಬರು ನನ್ನ ಕಡೆ ತಿರುಗಿ, ನಾಲ್ಕೆಲ್ಲಿ, ಅರವತ್ನಾಲ್ಕೆಲ್ಲಿ, ನಿನ್ನ ಗೇಜು ಗುಜರಿಗೆ ಹಾಕು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರನು ಸಾಹೇಬರ ಗೇಜು ಗುಜರಿಗೆ ಹಾಕಲು ಹೇಳಿದ. ಚಹಾ ಬಂತು, ಆರಿತು, ಕೆನೆ ಕಟ್ಟಿತು. ಮೂವರೂ ಒಂದೇ ಮಾತನ್ನು ಮೂರು ಭಾಷೆಯಲ್ಲಿ ಹೇಳಿ ಒಬ್ಬರನ್ನೊಬ್ಬರು ಸುಳ್ಳುಗಾರರನ್ನಾಗಿ ಮಾಡುತ್ತಿದ್ದೆವು. ನನಗೆ ಗೊತ್ತಿತ್ತು ತಾನೇ? ಗೊತ್ತಿತ್ತು. ಆದರೆ ನನ್ನ ಗೇಜಿಗೆ ಗುಜರಿ ಎಂದ ಮೇಲೆ ಲೆಕ್ಕ ಹೇಳುವ ಮನಸ್ಸೇ ಹೋಗಿ, ಜಗಳವೇ ಹಿತವಾಗಿತ್ತು.

ಸಾವಕಾರ್ರು ಎಲ್ಲವನ್ನೂ ಕೇಳಿದರು. ಗೇಜು ಅಂದರೆ ಏನೆಂದು ಅವರಿಗೆ ತಿಳಿಯದು. ಆದರೆ ಅವರ ಅಂಗಡಿಯಲ್ಲಿ ಹಳ್ಳಿಯ ಗಿರಾಕಿ ಥಾನದ ಬಟ್ಟೆಯನ್ನು ಗಜದಲ್ಲಿ ಕೇಳುತ್ತಾನೆ, ಪೇಟೆಯವನು ಮೀಟರಿನಲ್ಲಿ ಕೇಳುತ್ತಾನೆ.

"ನೀವು ಮೂವರೂ ಅಳದದ್ದು ಒಂದ ಥಾನ ಹೌದಲ್ಲೋ?"

ಇಂಜಿನಿಯರ್ ಫೋನ್ ತೆಗೆದು ಗುಣಿಸಿದ, ಭಾಗಿಸಿದ. ಅರವತ್ನಾಲ್ಕು ಪೌಂಡು, ನಾಲ್ಕು ಪಾಯಿಂಟ್ ನಾಲ್ಕು ಬಾರ್, ಸೊನ್ನೆ ಪಾಯಿಂಟ್ ನಾಲ್ಕು ನಾಲ್ಕು ಮೆಗಾಪಾಸ್ಕಲ್. ಮೂರೂ ಒಂದೇ. ಮೂರು ಗೇಜೂ ಸರಿ. ಸಾಹೇಬರು ಒಂದು ಕ್ಷಣವೂ ಕಳೆಯದೆ ಅದನ್ನು ತಮ್ಮ ಗೆಲುವು ಮಾಡಿಕೊಂಡರು. ಹಾಗಾದರೆ ಉಗಿ ಕಡಿಮೆಯೆಂದು ಸಿದ್ಧವಾಯಿತು, ಇವನು ಮಲಗಿದ್ದೇ ಖರೆ, ಬರೆಸಿ ಕಾಗದ ಎಂದರು.

ಆಗ ಮಾಳಪ್ಪ ಮಾಮಾ ಬಾಗಿಲಿನಿಂದ ಮೇಜಿನವರೆಗೆ ಬಂದರು. ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಗಂಟು ತೆಗೆದು ಬಿಚ್ಚಿದರು. ಭಂಡಾರ. ಬೀರೋಬಾನ ಗುಡಿಯ ಅರಿಶಿನ. ಅವರ ಮನೆತನದಲ್ಲಿ ಅದನ್ನು ಮುಟ್ಟಿ ಸುಳ್ಳು ಹೇಳಿದವರಿಲ್ಲ, ಮುಟ್ಟುವ ಪ್ರಸಂಗವನ್ನೇ ತಂದುಕೊಳ್ಳುವುದಿಲ್ಲ. ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡರು. ಮೇಜಿನ ಮೇಲಿನ ಕಾಗದಗಳ ಮೇಲೆ ಸ್ವಲ್ಪ ಉದುರಿತು.

"ಭಂಡಾರ ಮುಟ್ಟಿ ಹೇಳ್ತೀನ್ರಿ ಸಾವಕಾರ್ರ. ನನ್ನ ಪಾಳಿದಾಗ ಕಾಟಾ ಹಸರಿನ ಮ್ಯಾಲಿಂದ ಕದಲಿಲ್ಲ. ಕದಲಿದ್ರ ನಾಳಿನ ನಾ ಕುರಿ ಕಾಯಾಕ ಹೋಗ್ತೀನಿ."

ಸಾಹೇಬರು ಆಣೆ ಅಳತೆಯಲ್ಲ ಎಂದರು. ಪುಸ್ತಕದ ಲೆಕ್ಕದಲ್ಲಿ ಅದು ಸರಿಯೇ. ಆದರೆ ಸಾವಕಾರ್ರ ಮುಖ ಬೇರೆಯಾಗಿತ್ತು. ಅವರಿಗೆ ಮೂರು ಗೇಜು ಒಂದೇ ಮಾತು ಹೇಳಿದ ಮೇಲೆ ಗೇಜನ್ನು ಸುಳ್ಳೆನ್ನಲಾಗದು. ಭಂಡಾರ ಮುಟ್ಟಿದವನನ್ನೂ ಸುಳ್ಳೆನ್ನಲಾಗದು. ಉಗಿ ಕಡಿಮೆ, ಮುಳ್ಳು ಮಾತ್ರ ತನ್ನ ಜಾಗದಲ್ಲಿ. ಎರಡೂ ಖರೆ ಇರಬೇಕಾದರೆ ಹೇಗೆ? ಎದ್ದು ನಿಂತು, ನಡೀರಿ ನೋಡೋಣ ಎಂದರು.

ಬಾಯ್ಲರ್ ಮನೆಯಲ್ಲಿ ಖಂಡೇನವಮಿಯ ಮಾಲೆ ಒಣಗಿ ಇನ್ನೂ ನೇತಾಡುತ್ತಿತ್ತು. ಸಾವಕಾರ್ರು ಧೋತರ ಎತ್ತಿಕಟ್ಟಿ ಏಣಿಯ ಎರಡು ಮೆಟ್ಟಿಲು ಹತ್ತಿದರು. ಮುಳ್ಳು ಹಸಿರಿನ ಸರಿಮಧ್ಯದಲ್ಲಿತ್ತು. ಅವರು ಅಂಗಡಿಯಲ್ಲಿ ಹಳೆಯ ಬೆಲೆಚೀಟಿ ಕೆರೆಯುವಂತೆ ಉಗುರಿನಿಂದ ಆ ಸ್ಟಿಕರಿನ ಅಂಚು ಎಬ್ಬಿಸಿ, ಸರ್ರನೆ ಎಳೆದು ತೆಗೆದರು. ಅಡಿಯಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಎಂಬ ಅಂಕಿ, ಮುಳ್ಳು ಅದಕ್ಕಿಂತ ತುಸು ಮುಂದೆ.

ಇಲ್ಲಿ ಮೊದಲಿದ್ದ ಗೇಜು ಇದೇನಾ ಎಂದು ಕೇಳಿದರು. ಅಲ್ಲ ಎಂದು ಇಂಜಿನಿಯರನಿಗೂ ಗೊತ್ತಾಗುವಷ್ಟು ಅದು ಹೊಸದಾಗಿ ಹೊಳೆಯುತ್ತಿತ್ತು. ಹಾಗಾದರೆ ಈ ಹಸಿರನ್ನು ಇಲ್ಲಿ ಹಚ್ಚಿದವರು ಯಾರು ಎಂದು ಕೇಳಿದರು.

ಸುತ್ತ ನಿಂತ ನೌಕರರೆಲ್ಲ ಪೂಜೆಯ ದಿನ ಅಲ್ಲಿದ್ದವರೇ. ಫಿಟ್ಟರ್ ಛಾವಣಿ ನೋಡಿದ. ಸ್ಟೋರಿನವನು ತನ್ನ ಚಪ್ಪಲಿ ನೋಡಿದ. ಸಾಹೇಬರು ಕರವಸ್ತ್ರದಿಂದ ಕನ್ನಡಕ ಒರೆಸುತ್ತಿದ್ದರು. ಮಾಮಾ ಯಾರ ಕಡೆಯೂ ನೋಡಲಿಲ್ಲ. ಅವರಿಗೆ ಹೇಳಲು ಬರುತ್ತಿರಲಿಲ್ಲವೆಂದಲ್ಲ, ಮೇಲಿನವರ ಹೆಸರು ಹೇಳಿ ಉಳಿಯುವುದಕ್ಕಿಂತ ಕುರಿಯೇ ವಾಸಿ ಎಂದು ಲೆಕ್ಕ ಹಾಕಿದ್ದರೇನೋ. ನನಗೆ ರೇಗಿತು. ನನ್ನ ಬಿಪಿ ಅವತ್ತು ಎಷ್ಟು ಕಿಲೋ ಇತ್ತೋ.

"ಸಾಹೇಬ್ರು ಕೈಯಾರ ಹಚ್ಯಾರ್ರಿ ಸಾವಕಾರ್ರ," ಎಂದೆ. "ತೆಂಗಿನಕಾಯಿ ಒಡದು ಹಚ್ಯಾರ. ಆ ಕಾಯಿ ನಾವೆಲ್ಲಾರೂ ತಿಂದೀವಿ."

ಯಾರೋ ಕೆಮ್ಮಿದರು. ದೇಶಮುಖ ಸಾಹೇಬರು ಕನ್ನಡಕ ಹಾಕಿಕೊಂಡು, ತಮ್ಮ ನೌಕರಿಯ ಜೀವನದ ಅತ್ಯುತ್ತಮ ವಾಕ್ಯವನ್ನು ಹೇಳಿದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

"ಸ್ಟಿಕರಿನ ಜಾಗಾ ಬರೋಬರ್ ಅದರೀ. ಗೇಜ್ ಬದಲಾತು, ಅದಕ್ಕ ನಾ ಏನ್ ಮಾಡ್ಲಿ?"

ಗೇಜು ಬದಲಿಸಿದವರೂ ಅವರೇ. ಆದರೆ ಗೇಜು ಬದಲಿಸಿದ ಸಾಹೇಬರು ಬೇರೆ, ಸ್ಟಿಕರ್ ಅಂಟಿಸಿದ ಸಾಹೇಬರು ಬೇರೆ, ಇಬ್ಬರಿಗೂ ಪರಿಚಯವೇ ಇಲ್ಲ ಎನ್ನುವಂತೆ ನಿಂತಿದ್ದರು. ಸಾವಕಾರ್ರು ಏಣಿಯಿಂದ ಇಳಿದು, ಬೆರಳಿಗೆ ಅಂಟಿದ ಹಸಿರು ಸ್ಟಿಕರನ್ನು ಸಾಹೇಬರ ಶರ್ಟಿನ ಜೇಬಿನ ಮೇಲೆ ಮೆತ್ತಗೆ ಒತ್ತಿದರು.

"ಗಜ ಹೋಗಿ ಮೀಟರ್ ಬಂದಾಗ ನಮ್ಮಪ್ಪನೂ ಹಿಂಗ ಮಾಡಿದ್ದ. ಅಳಿಯೋ ಕಟಗಿ ಬದಲಿ ಮಾಡಿ ರೇಟ್ ಹಂಗ ಬಿಟ್ಟ. ಮೀಟರ್ ಕಟಗಿ ಉದ್ದ. ಸಂಜೀತನಾ ಗಿರಾಕಿ ಮುಗಿಬಿದ್ದು ಒಯ್ದ್ರು. ಆವತ್ತ ನಮ್ಮಪ್ಪ ಅಂಗಡಿ ಆಳಿಗೆ ಬೈಲಿಲ್ಲ."

ಅಷ್ಟೇ. ಮಾಳಪ್ಪ ಮಾಮಾನ ಮೇಲಿನ ಕಾಗದ ಹುಟ್ಟುವ ಮೊದಲೇ ಸತ್ತಿತು. ಇನ್ನು ಸಾಹೇಬರಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಹೊಸದಾಗಿ ಸೇರುವವರು ಇದನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು: ಬಾಯ್ಲರಿಗೆ ಸೇಫ್ಟಿ ವಾಲ್ವ್ ಒಂದೋ ಎರಡೋ ಇರುತ್ತದೆ, ಮ್ಯಾನೇಜರಿಗೆ ಲೆಕ್ಕವಿಲ್ಲದಷ್ಟು. ಟವೆಲ್‌ಗಳನ್ನು ಮತ್ತೆ ತೊಳೆದು, ಶೆಡ್ಡಿನ ಹಿಂದಿನ ಬಯಲಿನಲ್ಲಿ ಹರವಿ, ಸೇಲಿನಲ್ಲಿ ಮಾರಿದರು. ಸೋಲಾಪುರದ ಬಿಸಿಲಿಗೆ ಯಾವ ಗೇಜೂ ಬೇಕಿಲ್ಲ.

ಸಾಹೇಬರು ಪಾಠವನ್ನೂ ಕಲಿತರು, ತಮ್ಮ ರೀತಿಯಲ್ಲಿ. ಪೌಂಡು, ಕಿಲೋ, ಬಾರ್, ಪಾಸ್ಕಲ್ ಎಲ್ಲವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ದೊಡ್ಡ ಪಟ್ಟಿ ಮಾಡಿಸಿದರು. ಬರೀ ಇಂಗ್ಲಿಷಿನಲ್ಲಿ, ನುಣುಪಾದ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಬಾಯ್ಲರ್ ಮನೆಯ ಕಾವಿಗೆ ಪ್ಲಾಸ್ಟಿಕ್ ಸುರುಳಿಯಾಗುತ್ತದೆ ಎಂದು ಅದನ್ನು ತಮ್ಮ ಎಸಿ ಕೋಣೆಯಲ್ಲೇ ತೂಗುಹಾಕಿದರು. ಅಲ್ಲಿ ಬದಲಿಸಲು ಉಗಿಯೇ ಇರಲಿಲ್ಲ.

ಮುಂದೆ ಮುಳ್ಳಿನ ಗೇಜುಗಳ ಕಾಲ ಮುಗಿದು ಅಂಕಿ ಮಿನುಗುವ ಡಿಜಿಟಲ್ ಗೇಜು ಬಂದವು. ಇನ್ನು ತಪ್ಪಾಗುವ ಮಾತೇ ಇಲ್ಲ ಎಂದು ಸಾಹೇಬರು ಪೇಢೆ ಹಂಚಿದರು. ಮೊದಲ ಗೇಜು ಹಾಕಿದ ದಿನ ಪೈಪು ಖಾಲಿ, ವಾಲ್ವ್ ತೆರೆದಿತ್ತು, ಬಾಯ್ಲರ್ ತಣ್ಣಗಿತ್ತು. ಆದರೂ ಗೇಜು ಸುಮಾರು ಒಂದು ಬಾರ್ ತೋರಿಸುತ್ತಿತ್ತು. ಸಾಹೇಬರು ಪೈಪಿನೊಳಗೆ ಒತ್ತಡ ಸಿಕ್ಕಿಹಾಕಿಕೊಂಡಿದೆ, ಯಾರೂ ಹತ್ತಿರ ಹೋಗಬೇಡಿ ಎಂದು ಸುತ್ತ ಹಗ್ಗ ಕಟ್ಟಿಸಿ, ಒಬ್ಬ ವಾಚ್‌ಮನ್‌ನನ್ನು ನಿಲ್ಲಿಸಿದರು. ಅರ್ಧ ದಿನ ಕೆಲಸ ನಿಂತಿತು. ಆ ಗೇಜು ಲೆಕ್ಕ ಶುರುಮಾಡುವುದೇ ಗಾಳಿಯೂ ಇಲ್ಲದ ಪೂರ್ತಿ ಶೂನ್ಯದಿಂದ. ಅದು ತೋರಿಸುತ್ತಿದ್ದದ್ದು ನಮ್ಮೆಲ್ಲರ ತಲೆಯ ಮೇಲೆ ಹುಟ್ಟಿದಾಗಿನಿಂದ ಕೂತಿರುವ ಗಾಳಿಯ ಒತ್ತಡ. ವಾಚ್‌ಮನ್ ಕಾಯುತ್ತಿದ್ದದ್ದು ಸೋಲಾಪುರದ ಹವೆಯನ್ನು. ಈಗಿನವಂತೂ ಫೋನಿನಲ್ಲೇ ಕಾಣುತ್ತವೆ, ಬೆರಳು ತಗುಲಿದರೆ ಬಾರ್ ಹೋಗಿ ಪೌಂಡು ಬರುತ್ತದೆ. ಹಿಂದೆ ಇಂಥ ತಪ್ಪು ಮಾಡಲು ಏಣಿಯನ್ನಾದರೂ ಹತ್ತಬೇಕಿತ್ತು.

ಮಾಳಪ್ಪ ಮಾಮಾ ಪೂರ್ತಿ ಅವಧಿ ಮುಗಿಸಿ, ಹಾರ ಹಾಕಿಸಿಕೊಂಡು ಊರಿಗೆ ಹೋದರು. ಕುರಿಯ ಹಿಂದೆ ಹೋಗಲಿಲ್ಲ. ಈಗ ಅವರ ತಮ್ಮನೇ ಇವರ ಮನೆಯ ಕಟ್ಟೆಗೆ ಬಂದು ಕೂತು, ಬಾಯ್ಲರಿನ ಕಥೆ ಕೇಳುತ್ತಾನಂತೆ. ಕೆಲವು ವರ್ಷ ಬಿಟ್ಟು ನಾನೂ ಹೊರಬಂದೆ. ಬೀಳ್ಕೊಡುಗೆಯಲ್ಲಿ ಕಂಪನಿ ನನಗೊಂದು ಗೋಡೆ ಗಡಿಯಾರ ಕೊಟ್ಟಿತು. ದುಂಡಗೆ, ಹಿತ್ತಾಳೆ ಬಣ್ಣದ ಕಟ್ಟು, ಬಿಳಿಯ ಮುಖ. ಅಂಕಿಗಳಿಲ್ಲ, ಬರೀ ಗೆರೆ, ಅದು ಫ್ಯಾಶನ್ ಅಂತೆ.

ಟೈರಿಗೆ ಹವಾ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಮಾಮಾ ಅಕ್ಕಲಕೋಟದ ಸಂತೆಗೆ ಬಂದವರು ನಮ್ಮ ಮನೆಗೂ ಬಂದರು. ಚಹಾ ಕೊಟ್ಟೆ. ಅಣ್ಣನ ಮಗ ಫೋನ್ ನೋಡುತ್ತ ಕೂತಿದ್ದ. ಮಾಮಾ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದು, ಗೋಡೆಯ ಮೇಲೆ ಕಣ್ಣು ಹಾಯಿಸಿದರು. ಗಂಟೆಯ ಮುಳ್ಳು ಅವರ ಹಳೆಯ ಜಾಗದ ಹತ್ತಿರವೇ ಇತ್ತು. ನಾನು ನಕ್ಕು, ಏನು ಮಾಮಾ, ಎಷ್ಟು ಕಿಲೋ ಹೇಳಿ ನೋಡೋಣ ಎಂದೆ.

ಅವರು ನಗಲಿಲ್ಲ. ಬಸಿ ಕೆಳಗಿಟ್ಟು, ಎದ್ದು ಹೋಗಿ ಗಡಿಯಾರದ ಮುಖವನ್ನು ಹತ್ತಿರದಿಂದ ನೋಡಿದರು. ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದರು.

"ಕಾಟಾ ಏನೋ ಸಾಡೇ ಅಕರಾ ಅನ್ನಾಕತ್ತದ ಯವ್ವಾ," ಎಂದರು. "ಯಾವ ಲೆಕ್ಕದಾಗ, ಅದನ್ನ ಮೊದಲ ಹೇಳು."

ಅಣ್ಣನ ಮಗ ಫೋನಿನಿಂದ ತಲೆ ಎತ್ತಿದ. ಫಸ್ಟ್ ಕ್ಲಾಸ್ ಡಿಪ್ಲೊಮಾ. ಅದನ್ನು ಬರೆದುಕೋ ಎಂದೆ.